ಗದ್ದದ ಕೆಳಗಿನ ಕೊಬ್ಬಿಗೆ ಇಂಜೆಕ್ಷನ್ನಾ, ಐಸಾ, ಲೈಪೋನಾ?

ಚಿಕ್ಕಮ್ಮನ ಮಗಳು ಫೋನ್ ಮಾಡಿ, "ಅಕ್ಕಾ, ಗದ್ದಕ್ಕೆ ಒಂದು ಇಂಜೆಕ್ಷನ್ ಇದೆಯಂತೆ, ಚುಚ್ಚಿದರೆ ಕೊಬ್ಬು ಕರಗಿ ಹೋಗುತ್ತಂತೆ, ನನ್ನ ಜೊತೆ ಕ್ಲಿನಿಕ್‌ಗೆ ಬರ್ತೀಯಾ?" ಅಂದಳು. ನಾನು ಮೊದಲು ನಕ್ಕೆ. ಆಮೇಲೆ ಫೋನ್ ಇಟ್ಟು, ಕನ್ನಡಿ ಮುಂದೆ ನಿಂತು, ನನ್ನ ಗದ್ದವನ್ನೂ ಒಂದ್ಸಲ ಮುಟ್ಟಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ.

ಬೆಂಗಳೂರಿನಲ್ಲಿ ಮೂರು ಕ್ಲಿನಿಕ್ ಸುತ್ತಿದೆವು. ಒಬ್ಬರು ಇಂಜೆಕ್ಷನ್ ಅಂದರು, ಇನ್ನೊಬ್ಬರು ತಣ್ಣಗೆ ಮಾಡುವ ಯಂತ್ರ ಅಂದರು, ಮೂರನೆಯವರು ಕೊಳವೆ ಹಾಕಿ ಕೊಬ್ಬು ಎಳೆಯುವ ಆಪರೇಷನ್, ಅಂದರೆ ಲೈಪೋಸಕ್ಷನ್ (ಲೈಪೋ) ಮಾಡಿಸಿಬಿಡಿ ಅಂದರು. ಅದೇ ಹುಡುಗಿ, ಅದೇ ಗದ್ದ, ಮೂರು ಉತ್ತರ. ಯಾರ ಹತ್ತಿರ ಏನಿದೆಯೋ ಅವರಿಗೆ ಅದೇ ಒಳ್ಳೆಯದು ಅಂತ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಗಾಗಿ ನಾವೇ ಕೂತು ಓದಿದೆವು, ಗೊತ್ತಿದ್ದವರನ್ನು ಕೇಳಿದೆವು. ನಾನು ಡಾಕ್ಟರ್ ಅಲ್ಲ. ಆದರೆ ಡಾಕ್ಟರ್ ಮುಂದೆ ಕೂರುವಾಗ ಏನು ಕೇಳಬೇಕು ಅನ್ನುವುದಾದರೂ ನಿಮಗೆ ಗೊತ್ತಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಗದ್ದ ಹಿಡಿದು ನೋಡಿ

ಯಾವ ಚಿಕಿತ್ಸೆ ಅನ್ನುವುದು ಆಮೇಲಿನ ಮಾತು. ಅಲ್ಲಿ ಇರುವುದಾದರೂ ಏನು? ಡಬಲ್ ಚಿನ್ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದರ ಒಳಗೆ ಐದಾರು ಬೇರೆ ಬೇರೆ ತೊಂದರೆಗಳು ಇರುತ್ತವೆ. ಚರ್ಮದ ಅಡಿಯಲ್ಲೇ ಕೂತ ಕೊಬ್ಬು ಇರಬಹುದು. ಕುತ್ತಿಗೆಯ ಮುಂಭಾಗದಲ್ಲಿ ಪ್ಲಾಟಿಸ್ಮಾ ಅನ್ನುವ ತೆಳು ಸ್ನಾಯು ಬಟ್ಟೆ ಹಾಸಿದ ಹಾಗೆ ಹರಡಿಕೊಂಡಿದೆ, ಕೊಬ್ಬು ಅದರ ಹಿಂದೆ ಇರಬಹುದು. ಕೊಬ್ಬೇ ಇಲ್ಲದೆ ಬರೀ ಚರ್ಮ ಸಡಿಲವಾಗಿ ಹಸುವಿನ ಗಂಗೆದೊಗಲಿನ ಹಾಗೆ ಜೋತುಬಿದ್ದಿರಬಹುದು. ಗದ್ದದ ಮೂಳೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ ಕಡ್ಡಿಯಂಥ ಮನುಷ್ಯನಿಗೂ ಗದ್ದ ಯಾವುದು ಕುತ್ತಿಗೆ ಯಾವುದು ಗೊತ್ತಾಗುವುದಿಲ್ಲ. ಜೊಲ್ಲುಗ್ರಂಥಿ ಕೆಳಗೆ ಇಳಿದಿರಬಹುದು. ಇನ್ನೂ ಸ್ವಲ್ಪ ಕೆಳಗೆ ಗಂಟಲಿನ ಹತ್ತಿರ ಉಬ್ಬು ಇದ್ದು, ಗುಟುಕು ನೀರು ನುಂಗುವಾಗ ಅದು ಮೇಲೆ ಕೆಳಗೆ ಆಡಿದರೆ ಥೈರಾಯ್ಡ್ ಊದಿದೆ ಅಂತ ಅನುಮಾನಿಸಬೇಕು. ಗಳಗಂಡ ಅಂತ ಹಳಬರು ಕರೆಯುತ್ತಿದ್ದದ್ದು ಅದನ್ನೇ. ಅದಕ್ಕೆ ಚರ್ಮದ ಕ್ಲಿನಿಕ್ ಅಲ್ಲ, ರಕ್ತಪರೀಕ್ಷೆ ಬೇಕು.

ಮನೆಯಲ್ಲೇ ಹೀಗೆ ನೋಡಬಹುದು. ಗದ್ದದ ಕೆಳಗಿನ ಮಡಿಕೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಹಿಡಿದುಕೊಂಡೇ ಹಲ್ಲು ಕಚ್ಚಿ, ತುಟಿಯ ಎರಡೂ ಮೂಲೆಗಳನ್ನು ಕೆಳಕ್ಕೆಳೆದು ಕುತ್ತಿಗೆ ಬಿಗಿ ಮಾಡಿ. ಆಗಲೂ ಬೆರಳಿನ ನಡುವೆ ದಪ್ಪಗೆ, ಮೆತ್ತಗೆ ಏನೋ ಉಳಿದರೆ ಅದು ಸ್ನಾಯುವಿನ ಮುಂದಿರುವ ಕೊಬ್ಬು. ಇಂಜೆಕ್ಷನ್‌ಗೆ, ಐಸ್ ಯಂತ್ರಕ್ಕೆ ಸಿಗುವುದು ಅದು ಮಾತ್ರ. ಬಿಗಿ ಮಾಡಿದ ಕೂಡಲೇ ಬೆರಳಿಂದ ಜಾರಿಹೋದರೆ ಕೊಬ್ಬು ಸ್ನಾಯುವಿನ ಹಿಂದಿದೆ, ಅಲ್ಲಿಗೆ ಈ ಸೂಜಿ ಹೋಗಲೇಬಾರದು. ಬೆರಳಿಗೆ ತೆಳ್ಳಗೆ ಚರ್ಮ ಮಾತ್ರ ಸಿಕ್ಕಿದರೆ, ಬಿಟ್ಟಾಗ ಅದು ನಿಧಾನಕ್ಕೆ ಸೋಮಾರಿಯ ಹಾಗೆ ವಾಪಸ್ ಹೋದರೆ, ಕೊಬ್ಬು ಕರಗಿಸುವ ಯಾವ ಚಿಕಿತ್ಸೆಯೂ ನಿಮಗಲ್ಲ. ಕೊಬ್ಬು ತೆಗೆದರೆ ದೊಗಲು ಇನ್ನೂ ಜಾಸ್ತಿ ಜೋಲುತ್ತದೆ.

ನಡುವೆ ಒಂದು ಮಾತು. ಕುತ್ತಿಗೆ ಮಡಿಕೆಯಲ್ಲಿ ಚರ್ಮ ಕಪ್ಪಾಗಿ, ಮಖಮಲ್ ಹಾಗೆ ದಪ್ಪ ಆಗಿದ್ದರೆ ಅದನ್ನು ಕೊಳೆ ಅಂತ ತಿಕ್ಕಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹಾಗೆ ಆಗುವುದು ತುಂಬಾ ಸಾಮಾನ್ಯ. ಗದ್ದದ ಖರ್ಚಿಗೆ ಮುಂಚೆ ಶುಗರ್ ಪರೀಕ್ಷೆ ಮಾಡಿಸಿ. ರಾತ್ರಿ ಜೋರಾಗಿ ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ.

ಇಂಜೆಕ್ಷನ್ ಅಂದರೆ ಏನು

ಔಷಧಿಯ ಹೆಸರು ಡಿಆಕ್ಸಿಕೋಲಿಕ್ ಆಸಿಡ್. ಕೇಳೋಕೆ ಭಯ ಆಗುತ್ತದೆ, ಆದರೆ ನಮ್ಮ ಹೊಟ್ಟೆಯಲ್ಲೇ ಇರುವ ವಸ್ತು ಇದು. ಪಿತ್ತರಸದ ಭಾಗ, ತಿಂದ ಎಣ್ಣೆ ತುಪ್ಪ ಜೀರ್ಣ ಆಗಲು ಸಹಾಯ ಮಾಡುವಂಥದ್ದು. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಗದ್ದದ ಕೊಬ್ಬಿಗೆ ಚುಚ್ಚಿದರೆ ಕೊಬ್ಬಿನ ಕೋಶದ ಗೋಡೆ ಒಡೆಯುತ್ತದೆ, ಒಳಗಿದ್ದದ್ದು ಹೊರಗೆ ಬರುತ್ತದೆ, ಮುಂದಿನ ವಾರಗಳಲ್ಲಿ ದೇಹ ಅದನ್ನು ಗುಡಿಸಿ ಸಾಗಿಸುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಅದಕ್ಕೇ ಫಲ ಬಾಳಿಕೆ ಬರುತ್ತದೆ ಅನ್ನುವುದು. ಆದರೆ ಉಳಿದ ಕೋಶಗಳು ಅಲ್ಲೇ ಇರುತ್ತವಲ್ಲ, ತೂಕ ಏರಿದರೆ ಅವು ಉಬ್ಬುತ್ತವೆ.

ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ 2015ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೈಬೆಲ್ಲಾ ಅನ್ನುವ ಹೆಸರು, ಕೆನಡಾದಲ್ಲಿ ಬೆಲ್ಕೈರಾ. ಒಪ್ಪಿಗೆ ಕೊಟ್ಟಿದ್ದು ಗದ್ದದ ಕೆಳಗಿನ, ನೋಡಿದರೆ ಕಣ್ಣಿಗೆ ಬೀಳುವಷ್ಟು ಕೊಬ್ಬಿಗೆ, ಅದೂ ವಯಸ್ಕರಿಗೆ ಮಾತ್ರ. ಹೊಟ್ಟೆಗೆ, ತೋಳಿಗೆ, ಕಣ್ಣಿನ ಕೆಳಗೆ ಚುಚ್ಚುತ್ತೇವೆ ಅಂತ ಯಾರಾದರೂ ಹೇಳಿದರೆ ಅದು ಆ ಒಪ್ಪಿಗೆಯ ಹೊರಗಿನ ಕೆಲಸ.

ಲೆಕ್ಕ ಹೀಗೆ. ಗದ್ದದ ಕೆಳಗೆ ಒಂದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆ ಹಾಕುತ್ತಾರೆ, ನಮ್ಮ ರಂಗೋಲಿ ಚುಕ್ಕೆ ಇಟ್ಟ ಹಾಗೇ. ಒಂದೊಂದು ಚುಕ್ಕೆಗೂ 0.2 ಮಿಲಿಲೀಟರ್. ಒಂದು ಸಲಕ್ಕೆ ಹೆಚ್ಚೆಂದರೆ 50 ಚುಚ್ಚು, 10 ಮಿಲಿಲೀಟರ್. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂದು ತಿಂಗಳು, ಒಟ್ಟು 6 ಸಲ ಮೀರಬಾರದು. ಕೈಬೆಲ್ಲಾದ ಒಂದು ವಯಲ್‌ನಲ್ಲಿ, ಅಂದರೆ ಔಷಧಿಯ ಪುಟ್ಟ ಬಾಟಲಿಯಲ್ಲಿ, 2 ಮಿಲಿಲೀಟರ್ ಇರುತ್ತದೆ, ಅಂದರೆ ಹತ್ತು ಚುಕ್ಕೆಗೆ ಒಂದು ವಯಲ್. ಇದನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಮಾತು ಬಂದಾಗ ಬೇಕಾಗುತ್ತದೆ.

ಫಲ ಎಷ್ಟು? ಒಪ್ಪಿಗೆಗೆ ಮುಂಚೆ ಅಮೆರಿಕ, ಕೆನಡಾದಲ್ಲಿ ಸುಮಾರು ಸಾವಿರ ಜನರ ಮೇಲೆ ಎರಡು ದೊಡ್ಡ ಪರೀಕ್ಷೆ ನಡೆದವು. ಗದ್ದದ ಕೊಬ್ಬು ಎಷ್ಟಿದೆ ಅಂತ ಹಂತ ಹಂತವಾಗಿ ಅಳೆದು, ಡಾಕ್ಟರೂ ರೋಗಿಯೂ ಇಬ್ಬರೂ "ಕನಿಷ್ಠ ಒಂದು ಹಂತ ಇಳಿದಿದೆ" ಅಂದದ್ದು ಔಷಧಿ ಪಡೆದವರಲ್ಲಿ ಹತ್ತಕ್ಕೆ ಹತ್ತಿರ ಹತ್ತಿರ ಏಳು ಜನರಿಗೆ. ಬರೀ ಖಾಲಿ ದ್ರವ ಚುಚ್ಚಿಸಿಕೊಂಡವರಲ್ಲೂ ಹತ್ತಕ್ಕೆ ಇಬ್ಬರು ಹಾಗೇ ಅಂದಿದ್ದರು! ಎರಡು ಹಂತ ಇಳಿದದ್ದು ಮಾತ್ರ ಹತ್ತರಲ್ಲಿ ಇಬ್ಬರಿಗಿಂತ ಕಡಿಮೆ ಜನರಿಗೆ. ಅಂದರೆ ಕೆಲಸ ಮಾಡುತ್ತದೆ, ಸುಳ್ಳಲ್ಲ, ಆದರೆ ಜಾಹೀರಾತಿನಲ್ಲಿ ತೋರಿಸುವ ಚೂರಿಯಂಥ ದವಡೆ ಎಲ್ಲರಿಗೂ ಬರುವುದಿಲ್ಲ.

ಈಗ ಯಾರೂ ಸರಿಯಾಗಿ ಹೇಳದ ವಿಷಯ, ಊತ. ಚುಚ್ಚಿದ ಕೆಲವೇ ನಿಮಿಷಕ್ಕೆ ಉರಿ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಊತ ಹಾಗಲ್ಲ. ಆ ಪರೀಕ್ಷೆಗಳಲ್ಲಿ ನೂರಕ್ಕೆ 87 ಜನರಿಗೆ ಊತ ಬಂದಿತ್ತು, 72 ಜನರಿಗೆ ನೀಲಿಗಟ್ಟಿತ್ತು, 66 ಜನರಿಗೆ ಜಾಗ ಮರಗಟ್ಟಿತ್ತು. ನಮ್ಮ ಹುಡುಗಿ ಎರಡನೇ ದಿನ ಕನ್ನಡಿ ನೋಡಿ ಅತ್ತೇಬಿಟ್ಟಳು. ಕೊಬ್ಬು ಕರಗಿಸಲು ಹೋದವಳ ಗದ್ದ ಮೊದಲಿನ ಎರಡರಷ್ಟಾಗಿತ್ತು. ಪಕ್ಕದ ಮನೆ ಅಜ್ಜಿ ಬೇರೆ "ಏನಮ್ಮ, ಮಂಗನಬಾವಾ? ಬೇವಿನ ಸೊಪ್ಪು ಅರೆದು ಹಚ್ಚು" ಅಂತ ಕಾಂಪೌಂಡ್ ಆಚೆಯಿಂದಲೇ ಕೂಗಿದರು. ಮೊದಲ ಎರಡು ಮೂರು ದಿನ ತೀರಾ ಜಾಸ್ತಿ, ಒಂದು ವಾರದ ಹೊತ್ತಿಗೆ ಹೊರಗೆ ಹೋಗುವಂತಾಯಿತು, ಒಳಗೆ ಸಣ್ಣ ಸಣ್ಣ ಗಂಟು, ಮರಗಟ್ಟಿದ ಹಾಗೆ ಅನ್ನಿಸುವುದು ಇನ್ನೂ ಕೆಲವು ವಾರ ಇತ್ತು. ಇದು ಒಂದು ಸಲದ ಕಥೆ. ನಾಲ್ಕು ಸಲ ಅಂದರೆ ನಾಲ್ಕು ಸಲ ಇದೇ.

ಊತವಾದರೂ ಇಳಿಯುತ್ತದೆ. ನಿಜವಾಗಿ ಭಯಪಡಬೇಕಾದದ್ದು ನರಕ್ಕೆ. ದವಡೆಯ ಅಂಚಿನಲ್ಲೇ ಒಂದು ನರ ಹೋಗುತ್ತದೆ, ಕೆಳತುಟಿಯನ್ನು ಕೆಳಕ್ಕೆಳೆಯುವ ನರ. ಅದಕ್ಕೆ ಔಷಧಿ ತಾಗಿದರೆ ನಗು ಸೊಟ್ಟ ಆಗುತ್ತದೆ. ಪರೀಕ್ಷೆಗಳಲ್ಲಿ ನೂರಕ್ಕೆ ನಾಲ್ಕು ಜನರಿಗೆ ಹೀಗಾಗಿತ್ತು. ಎಲ್ಲರಿಗೂ ತಾನಾಗೇ ಸರಿಹೋಯಿತು, ಸಾಮಾನ್ಯವಾಗಿ ಒಂದೂವರೆ ತಿಂಗಳ ಹೊತ್ತಿಗೆ, ಆದರೆ ಹತ್ತು ತಿಂಗಳ ಹತ್ತಿರ ಕಾದವರೂ ಇದ್ದರು. ಇನ್ನು ನೂರಕ್ಕೆ ಇಬ್ಬರಿಗೆ ನುಂಗಲು ಕಷ್ಟವಾಗಿತ್ತು. ಚರ್ಮಕ್ಕೆ ತೀರಾ ಹತ್ತಿರ ಚುಚ್ಚಿದರೆ ಅಲ್ಲಿ ಹುಣ್ಣಾಗಬಹುದು, ಚರ್ಮವೇ ಸಾಯಬಹುದು. ಗಂಡಸರಿಗೆ ಚುಚ್ಚಿದ ಜಾಗದಲ್ಲಿ ಗಡ್ಡ ಉದುರಿದ್ದೂ ಉಂಟು. ಔಷಧಿಗೆ ಕೊಬ್ಬು ಯಾವುದು, ನರ ಯಾವುದು ಅಂತ ಕಣ್ಣಿಲ್ಲ, ಕಣ್ಣು ಇರಬೇಕಾದದ್ದು ಚುಚ್ಚುವವರಿಗೆ.

ಬಸುರಿಯರು, ಹಾಲುಣಿಸುವವರು ಮುಂದೂಡುವುದೇ ಸರಿ. ಚುಚ್ಚುವ ಜಾಗದಲ್ಲಿ ಸೋಂಕು ಇದ್ದರೆ ಮಾಡಲೇಬಾರದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಕುತ್ತಿಗೆಗೆ ಮುಂಚೆ ಆಪರೇಷನ್ ಆದವರು, ಮೊದಲೇ ನುಂಗಲು ತೊಂದರೆ ಇರುವವರು ಅದನ್ನು ಮುಚ್ಚಿಡಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸುವುದೂ ಬೇಡ.

ಐಸ್ ಯಂತ್ರ

ಇದರ ಹಿಂದಿನ ಕಥೆ ನನಗೆ ಇಷ್ಟ. ಐಸ್ ಕ್ಯಾಂಡಿ ಚೀಪುವ ಮಕ್ಕಳಿಗೆ ಕೆನ್ನೆಯ ಒಳಗಿನ ಕೊಬ್ಬು ಊದಿಕೊಂಡು ಕೆಲವು ಸಲ ಗುಳಿ ಬೀಳುತ್ತದೆ ಅಂತ ಡಾಕ್ಟರ್‌ಗಳು ಹಿಂದೆಯೇ ಗಮನಿಸಿದ್ದರು. ಚರ್ಮ ತಡೆದುಕೊಳ್ಳುವ ಚಳಿಯನ್ನು ಕೊಬ್ಬು ತಡೆದುಕೊಳ್ಳುವುದಿಲ್ಲ ಅನ್ನುವ ಈ ಎಳೆಯನ್ನು ಹಿಡಿದು ಬಾಸ್ಟನ್ನಿನ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಅನ್ನುವ ಇಬ್ಬರು ಡಾಕ್ಟರ್‌ಗಳು ಯಂತ್ರದ ಕಲ್ಪನೆ ಕಟ್ಟಿದರು. ಅದೇ ಕೂಲ್‌ಸ್ಕಲ್ಪ್‌ಟಿಂಗ್ ಆಯಿತು. ಗದ್ದಕ್ಕೆ ಅಂತ ಮಾಡಿದ ಚಿಕ್ಕ ಬಟ್ಟಲಿಗೆ ಎಫ್‌ಡಿಎ ಅನುಮತಿ ಸಿಕ್ಕಿದ್ದೂ 2015ರಲ್ಲೇ.

ಸೂಜಿ ಇಲ್ಲ. ಬಟ್ಟಲು ಗದ್ದದ ಕೊಬ್ಬನ್ನು ಎಳೆದು ಹಿಡಿದು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ತಣ್ಣಗೆ ಇಡುತ್ತದೆ. ಮೊದಲ ಹತ್ತು ನಿಮಿಷ ನೋವು, ಆಮೇಲೆ ಜೋಮು. ಅದೇ ದಿನ ಕೆಲಸಕ್ಕೆ ಹೋಗಬಹುದು, ಇಂಜೆಕ್ಷನ್‌ಗೆ ಹೋಲಿಸಿದರೆ ದೊಡ್ಡ ಅನುಕೂಲ ಇದೇ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಒಂದು ಸಲಕ್ಕೆ ಕೊಬ್ಬಿನ ಪದರ ಸುಮಾರು ಐದರಲ್ಲಿ ಒಂದು ಭಾಗ ಇಳಿಯುತ್ತದೆ ಅಂತ ಲೆಕ್ಕ. ಆದರೆ ಬಟ್ಟಲಿನೊಳಗೆ ಎಳೆದುಕೊಳ್ಳುವಷ್ಟು ಕೊಬ್ಬು ಇರಬೇಕು. ಸ್ವಲ್ಪವೇ ಇದ್ದರೆ ಬಟ್ಟಲು ಕಚ್ಚುವುದೇ ಇಲ್ಲ, ಅಂಥ ಕಡೆ ಸೂಜಿಗೆ ಮೇಲುಗೈ.

ಅಪಾಯ ಅಪರೂಪ, ಆದರೆ ವಿಚಿತ್ರ. ಕೆಲವರಿಗೆ ಕೊಬ್ಬು ಇಳಿಯುವ ಬದಲು ಅದೇ ಜಾಗದಲ್ಲಿ ಗಟ್ಟಿಯಾಗಿ ಬೆಳೆಯುತ್ತದೆ. ಹಳೆಯ ಸೂಪರ್ ಮಾಡೆಲ್ ಲಿಂಡಾ ಎವಾಂಜೆಲಿಸ್ಟಾ ತನಗೆ ಹೀಗಾಯಿತು ಅಂತ 2021ರಲ್ಲಿ ಬಹಿರಂಗವಾಗಿ ಹೇಳಿದ ಮೇಲೆ ಇದು ಸುದ್ದಿಯಾಯಿತು. ಬಂದರೆ ಅದು ತಾನಾಗಿ ಹೋಗುವುದಿಲ್ಲ, ಆಪರೇಷನ್ನೇ ಗತಿ. ಚಳಿಗೆ ಮೈಮೇಲೆ ದದ್ದು ಏಳುವವರು, ಚಳಿಯಿಂದ ರಕ್ತದ ತೊಂದರೆ ಆಗುವ ಕಾಯಿಲೆ ಇರುವವರು ಈ ಯಂತ್ರದ ಹತ್ತಿರ ಹೋಗಬಾರದು. ಇನ್ನು ಮೂಲೆ ಪಾರ್ಲರ್‌ನಲ್ಲಿ "ಫ್ಯಾಟ್ ಫ್ರೀಜಿಂಗ್" ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಒಳಗೆ ಇರುವುದು ಅದೇ ಯಂತ್ರ ಅಂತಲ್ಲ. ಅಗ್ಗದ ನಕಲಿನಲ್ಲಿ ಚರ್ಮ ಸುಟ್ಟ ಹಾಗೆ ಆಗುವುದು ಇದೆ.

ಲೈಪೋಸಕ್ಷನ್

ಕತ್ತರಿ ಅಂದ ತಕ್ಷಣ ನಾವು ಹೆದರುತ್ತೇವೆ. ನಾನೂ ಹೆದರಿದ್ದೆ. ಆದರೆ ಲೆಕ್ಕ ಹಾಕಿದಾಗ ಸ್ವಲ್ಪ ತಲೆ ತಿರುಗಿತು. ಗದ್ದದ ಕೆಳಗೆ, ಕಿವಿಯ ಹಿಂದೆ ಕೆಲವೇ ಮಿಲಿಮೀಟರ್ ತೂತು, ಜಾಗವನ್ನು ಮರಗಟ್ಟಿಸುವ ದ್ರವ ತುಂಬಿ ತೆಳ್ಳನೆಯ ಕೊಳವೆಯಲ್ಲಿ ಕೊಬ್ಬು ಎಳೆಯುವುದು, ಒಂದು ಗಂಟೆ ಆಸುಪಾಸು. ಗದ್ದವಷ್ಟೇ ಆದರೆ ಬಹಳ ಸಲ ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಇರುವುದಿಲ್ಲ. ಒಂದೆರಡು ವಾರ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡಿರಬೇಕು. ಮುಗಿಯಿತು, ಒಂದೇ ಸಲ. ನಾಲ್ಕು ತಿಂಗಳು ತಿಂಗಳಿಗೊಂದು ವಾರ ಮಂಗನಬಾವು ಬಂದವರ ಹಾಗೆ ತಿರುಗುವುದಕ್ಕಿಂತ ಇದು ಸುಲಭ ಅಂತ ಅನಿಸಿದರೆ ತಪ್ಪಿಲ್ಲ. ಕೊಬ್ಬು ಜಾಸ್ತಿ ಇದ್ದಷ್ಟೂ ಲೈಪೋ ಕಡೆ ತಕ್ಕಡಿ ವಾಲುತ್ತದೆ.

ಹಾಗಂತ ಇದು ಆಪರೇಷನ್ ಅನ್ನುವುದನ್ನು ಮರೆಯುವಂತಿಲ್ಲ. ರಕ್ತ ಅಥವಾ ನೀರು ಕಟ್ಟಿಕೊಳ್ಳುವುದು, ಸೋಂಕು, ಚರ್ಮ ಏರುಪೇರಾಗುವುದು, ಅದೇ ತುಟಿಯ ನರಕ್ಕೆ ಪೆಟ್ಟು, ಇವೆಲ್ಲ ಇಲ್ಲೂ ಇವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್ ಆದ ಮೇಲೆ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಗದ್ದದ ಲೈಪೋ ಅದಕ್ಕಿಂತ ತುಂಬಾ ಚಿಕ್ಕದು, ಆದರೆ ಏನಾದರೂ ಎಡವಟ್ಟಾದರೆ ನೋಡಿಕೊಳ್ಳುವ ವ್ಯವಸ್ಥೆ ಇರುವ ಕಡೆ, ಪ್ಲಾಸ್ಟಿಕ್ ಸರ್ಜನ್ ಕೈಯಲ್ಲೇ ಮಾಡಿಸಿ.

ಉಳಿದವು

ಹೈಫು, ಅಲ್ಥೆರಪಿ, ರೇಡಿಯೋ ಫ್ರೀಕ್ವೆನ್ಸಿ ಇವೆಲ್ಲ ಚರ್ಮದ ಒಳಗೆ ಕಾವು ಕೊಡುವ ಯಂತ್ರಗಳು, ಮುಖ್ಯವಾಗಿ ಚರ್ಮ ಬಿಗಿ ಮಾಡಲು. ಕೊಬ್ಬು ಕಮ್ಮಿ, ಸಡಿಲ ಸ್ವಲ್ಪ ಇರುವವರಿಗೆ ಸ್ವಲ್ಪ ಫಲ. ಕುತ್ತಿಗೆಯಲ್ಲಿ ಹಗ್ಗದ ಹಾಗೆ ಎದ್ದು ಕಾಣುವ ಪಟ್ಟಿಗಳಿಗೆ ಬೊಟಾಕ್ಸ್ ಇದೆ, ಇದಕ್ಕೆ ಎಫ್‌ಡಿಎ ಒಪ್ಪಿಗೆ ಬಂದದ್ದು 2024ರಲ್ಲಿ. ಗದ್ದದ ಮೂಳೆ ಹಿಂದಿದ್ದರೆ ಮುಂದಕ್ಕೆ ಫಿಲ್ಲರ್ ಅನ್ನುವ ಜೆಲ್ ತುಂಬಿದರೇ ಕೆಳಗಿನ ಕೊಬ್ಬು ಕಡಿಮೆ ಕಾಣುತ್ತದೆ. ಗದ್ದದ ವ್ಯಾಯಾಮ, ರೋಲರ್, ರಾತ್ರಿ ಕಟ್ಟುವ ಬೆಲ್ಟು? ಸುಮ್ನೆ ದುಡ್ಡು ಹಾಳು.

ತೂಕ ಇಳಿಸುತ್ತಿರುವವರು, ಈಗಂತೂ ವಾರಕ್ಕೊಂದು ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡು ಬೇಗ ಇಳಿಸುವವರು ಜಾಸ್ತಿ ಆಗಿದ್ದಾರೆ, ತೂಕ ಒಂದು ಕಡೆ ನಿಲ್ಲುವವರೆಗೂ ಗದ್ದಕ್ಕೆ ಕೈ ಹಾಕಬೇಡಿ. ಕೊಬ್ಬು ತಾನೇ ಇಳಿದು ಚರ್ಮ ಉಳಿಯಬಹುದು, ಆಗ ನಿಮ್ಮ ಪ್ರಶ್ನೆಯೇ ಬೇರೆ ಆಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಇಂಜೆಕ್ಷನ್ ಒಂದು ಸಣ್ಣ ಗುಂಪಿನ ಜನರಿಗೆ ಹೇಳಿ ಮಾಡಿಸಿದ್ದು. ತೂಕ ಸ್ಥಿರವಾಗಿದೆ, ಚರ್ಮ ಬಿಗಿಯಾಗಿದೆ, ಹಿಡಿದರೆ ಸಿಗುವ ಕೊಬ್ಬು ಮಧ್ಯಮ ಅಥವಾ ಸ್ವಲ್ಪ, ಕೈಯಲ್ಲಿ ಆರು ತಿಂಗಳು ಸಮಯ ಇದೆ, ಪ್ರತಿ ಸಲ ಒಂದು ವಾರ ಮುಖ ಮರೆಸಿಕೊಳ್ಳಲು ಆಗುತ್ತದೆ, ಆಪರೇಷನ್ ಮಾತ್ರ ಬೇಡ. ಇಷ್ಟೂ ಹೌದು ಅಂದರೆ ಮಾಡಿಸಿ. ಒಂದು ದಿನವೂ ರಜೆ ಹಾಕಲು ಆಗದವರಿಗೆ, ಕೊಬ್ಬು ಬಟ್ಟಲಿಗೆ ಸಿಗುವಷ್ಟು ಇದ್ದವರಿಗೆ ಐಸ್. ಜಾಸ್ತಿ ಇದ್ದವರಿಗೆ, ಒಂದೇ ಸಲ ಮುಗಿಸಬೇಕು ಅನ್ನುವವರಿಗೆ ಲೈಪೋ. ಚರ್ಮ ಜೋತವರಿಗೆ ಈ ಮೂರರಲ್ಲಿ ಯಾವುದೂ ಅಲ್ಲ.

ಮದುವೆ, ಗೃಹಪ್ರವೇಶ ಅಂತ ದಿನ ಇಟ್ಟುಕೊಂಡು ಹೋಗುವವರು ಹಿಂದಕ್ಕೆ ಎಣಿಸಿ. ನಮ್ಮವಳ ತಮ್ಮನ ಮದುವೆ ಮಾಘದಲ್ಲಿ. ಅವಳು ಶುರು ಮಾಡಿದ್ದು ಆಷಾಢದಲ್ಲಿ, ಹೇಗೂ ಆ ತಿಂಗಳು ಮದುವೆ ಮುಂಜಿ ಇರುವುದಿಲ್ಲ, ಯಾರ ಮನೆಗೂ ಹೋಗಬೇಕಾಗಿಲ್ಲ. ಇನ್ನೆರಡು ವಾರಕ್ಕೆ ಮದುವೆ ಇಟ್ಟುಕೊಂಡು ಚುಚ್ಚಿಸಿಕೊಂಡರೆ ಆಲ್ಬಮ್‌ನಲ್ಲಿ ಊತವೇ ಉಳಿಯುವುದು.

ದುಡ್ಡು ಮತ್ತು ಬಾಟಲಿ

"ಇಂಜೆಕ್ಷನ್‌ಗೆ ಎಷ್ಟು" ಅಂತ ಕೇಳಬೇಡಿ, ಅವರು ಒಂದು ವಯಲ್‌ನ ಬೆಲೆ ಹೇಳಿ ಸುಮ್ಮನಾಗುತ್ತಾರೆ. ನನ್ನ ಗದ್ದಕ್ಕೆ ಎಷ್ಟು ಚುಕ್ಕೆ, ಅದಕ್ಕೆ ಎಷ್ಟು ವಯಲ್, ಎಷ್ಟು ಸಲ, ಒಟ್ಟು ಎಷ್ಟು ಅಂತ ಕೇಳಿ. ಇಪ್ಪತ್ತು ಚುಕ್ಕೆ ಅಂದರೆ ಎರಡು ವಯಲ್, ನಾಲ್ಕು ಸಲ ಅಂದರೆ ಎಂಟು. ಎಂಟರಿಂದ ಗುಣಿಸಿ ಬಂದ ಮೊತ್ತವನ್ನು ಲೈಪೋದ ಒಟ್ಟು ಖರ್ಚಿನ ಪಕ್ಕ ಇಟ್ಟು ನೋಡಿ. ಅಂದಕ್ಕೆ ಮಾಡಿಸುವುದಕ್ಕೆ ಸಾಮಾನ್ಯವಾಗಿ ಇನ್ಶೂರೆನ್ಸ್ ಸಿಗುವುದಿಲ್ಲ, ಅದೂ ಲೆಕ್ಕದಲ್ಲಿರಲಿ.

ತೀರಾ ಅಗ್ಗ ಅಂದರೆ ಎಚ್ಚರ. "ಫ್ಯಾಟ್ ಡಿಸಾಲ್ವಿಂಗ್" ಅಂತ ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನ ಬಾಟಲಿ ಸಿಗುತ್ತವೆ. ಲೈಪೋಡಿಸಾಲ್ವ್, ಅಕ್ವಾಲಿಕ್ಸ್, ಲೈಪೋ ಲ್ಯಾಬ್, ಕೇಬಲೀನ್ ಇಂಥವಕ್ಕೆ ತನ್ನ ಒಪ್ಪಿಗೆ ಇಲ್ಲ ಅಂತ ಎಫ್‌ಡಿಎ ಹೆಸರು ಹೇಳಿಯೇ ಎಚ್ಚರಿಸಿದೆ. ನಾವು ಹೋದ ಒಂದು ಕಡೆ ಬಾಟಲಿ ತೋರಿಸಿ ಅಂದಿದ್ದಕ್ಕೆ ರಿಸೆಪ್ಷನ್ ಹುಡುಗಿ "ಅದೆಲ್ಲ ತೋರಿಸಲ್ಲ ಮೇಡಂ, ಸಿರಿಂಜ್‌ಗೆ ತುಂಬಿಸಿಯೇ ತರ್ತೀವಿ" ಅಂದಳು. ಅಲ್ಲಿಂದ ಎದ್ದು ಬಂದೆವು. ನಿಮ್ಮ ಕಣ್ಣ ಮುಂದೆ ಸೀಲ್ ಒಡೆಯಬೇಕು. ಹೊರದೇಶದ್ದಾದರೆ ಲೇಬಲ್ ಮೇಲೆ ಆಮದು ಮಾಡಿದವರ ಹೆಸರು, ಇಂಪೋರ್ಟ್ ಲೈಸೆನ್ಸ್ ನಂಬರ್ ಇರಬೇಕು. ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕದ ಫೋಟೋ ತೆಗೆದುಕೊಳ್ಳಿ, ನಾಚಿಕೆ ಬೇಡ.

ಚುಚ್ಚುವವರು ಯಾರು ಅನ್ನುವುದು ಬಾಟಲಿಗಿಂತ ದೊಡ್ಡ ವಿಷಯ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ಅಂದ ಮೇಲೆ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು, ಪ್ರಮಾಣಪತ್ರ ಗೋಡೆ ಮೇಲೆ ಕಾಣಬೇಕು. ಡಾಕ್ಟರ್ ನೋಂದಣಿ ಸಂಖ್ಯೆ ಕೇಳಿ, ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿದವರಾ ನೋಡಿ. "ಈ ಇಂಜೆಕ್ಷನ್ ಆದ ಮೇಲೆ ಯಾರದಾದರೂ ತುಟಿ ಸೊಟ್ಟ ಆಗಿತ್ತಾ, ಆಗ ಏನು ಮಾಡಿದಿರಿ" ಅಂತ ಕೇಳಿದರೆ ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ದವಡೆ ಅಂಚಿನಿಂದ ಒಂದರಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು ಚುಚ್ಚುತ್ತೇನೆ ಅಂತ ಗೆರೆ ಎಳೆದು ತೋರಿಸುತ್ತಾರೆ. ನಮಗೆ ಕೊನೆಗೆ ಸಿಕ್ಕಿದವರು ಹಾಗೇ ತೋರಿಸಿದರು.

ಮಾಡಿಸಿದ ಮೇಲೆ ನುಂಗಲು ಕಷ್ಟ ಆದರೆ, ಉಸಿರು ಕಟ್ಟಿದ ಹಾಗೆ ಆದರೆ, ನಗು ಒಂದು ಕಡೆ ಎಳೆದರೆ, ಚರ್ಮ ಬೆಳ್ಳಗೆ ಅಥವಾ ಕಪ್ಪಗೆ ತಿರುಗಿದರೆ ಅದೇ ದಿನ ಹೋಗಿ. ಉಸಿರಿನ ತೊಂದರೆ ಆದರೆ ಕ್ಲಿನಿಕ್‌ಗೂ ಅಲ್ಲ, ನೇರ ಆಸ್ಪತ್ರೆಗೆ. ಬರೀ ಊತ ಆದರೆ ಐಸ್ ಪ್ಯಾಕ್, ಎತ್ತರದ ದಿಂಬು, ಮತ್ತೆ ತಾಳ್ಮೆ.

ಆ ಡಾಕ್ಟರ್ ಹತ್ತಿರ ನಾನೂ ನನ್ನ ಗದ್ದ ತೋರಿಸಿದೆ. ಹಿಡಿದು ನೋಡಿ, "ನಿಮ್ಮದು ಕೊಬ್ಬಲ್ಲ ಮೇಡಂ, ಚರ್ಮ. 46 ವಯಸ್ಸು ಅಲ್ವಾ, ಬಿಡಿ" ಅಂದರು. ಕನ್ಸಲ್ಟೇಶನ್ ಫೀಸು ಕೊಟ್ಟು ಬಂದೆ. ತಂಗಿಗೆ ಎರಡು ಸಲ ಆಗಿದೆ, ಪಕ್ಕದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಎದುರಿನಿಂದ ಅಷ್ಟಿಲ್ಲ. ಮೂರನೆಯದು ನವರಾತ್ರಿ ಕಳೆದ ಮೇಲೆ, ಗೊಂಬೆ ನೋಡಲು ಬರುವವರ ಮುಂದೆ ಊದಿದ ಗದ್ದ ಬೇಡವಂತೆ.